ಕೆಂಪು ಚಡ್ಡಿ, ಕೆಂಪು ಮಟ್ಟಿ: ಮಾವನ ಜೊತೆ ಮಂಡ್ಯ, ಮೈಸೂರು ಸುತ್ತಿದ ಮೂರು ದಿನ

ನಮ್ಮ ಸೋದರಮಾವ ಒಂದು ಕಾಲದ ಪೈಲ್ವಾನ್. ಹದಿನೆಂಟನೇ ವಯಸ್ಸಿಗೆ ಮೈಸೂರಿನ ಗರಡಿ ಸೇರಿದವರು, ಒಂಬತ್ತು ವರ್ಷ ಅಲ್ಲಿನ ಮಟ್ಟಿಯಲ್ಲೇ, ಅಂದರೆ ಕುಸ್ತಿಯ ಕೆಮ್ಮಣ್ಣಿನ ಅಂಕಣದಲ್ಲೇ ಬೆಳೆದರು. 1999ರ ದಸರಾ ಕುಸ್ತಿಯಲ್ಲಿ ಚಿತ್ ಆದರು, ಬೆನ್ನು ಮಣ್ಣಿಗೆ ತಾಗಿ ಸೋತರು. ಮಾರನೇ ದಿನ ಲಂಗೋಟಿ ಬಿಚ್ಚಿಟ್ಟು ಬಂದವರು ಮತ್ತೆ ಗರಡಿ ಕಡೆ ತಲೆ ಹಾಕಲಿಲ್ಲ. ಬೆಂಗಳೂರು ಸೇರಿ ಲಾರಿ ಸ್ಟೇರಿಂಗ್ ಹಿಡಿದರು. ಈಗ ಅವರಿಗೆ 53.

ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಅವರ ಫೋನ್ ಬಂತು. ಪಾಂಡವಪುರದ ಹತ್ತಿರದ ನಮ್ಮ ಅಜ್ಜಿ ಊರಲ್ಲಿ ಹಬ್ಬದ ಕುಸ್ತಿ ಇಟ್ಟುಕೊಂಡಿದ್ದಾರೆ. ಹಳೇ ಎದುರಾಳಿ ಜೊತೆ ಒಂದು ಜೋಡಿ ಕಟ್ಟುತ್ತೇವೆ, ಬನ್ನಿ ಅಂತ ಊರಿನವರು ದುಂಬಾಲು ಬಿದ್ದಿದ್ದಾರೆ. ಮಾವ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

"ನೀನು ಆ ಬಾಕ್ಸಿಂಗ್ ಎಲ್ಲ ನೋಡ್ತಿರ್ತೀಯಲ್ಲ. ಬುಟ್ಟೋದೋರು ವಾಪಸ್ ಬಂದ್ರೆ ಜನ ಹೆಂಗೆ ನೋಡ್ತಾರ್ಲಾ?" ಅಂತ ಕೇಳಿದರು.

ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ಸೆಪ್ಟೆಂಬರ್ ಮೊದಲ ವಾರ ಮೂರು ದಿನ ರಜೆ ಹಾಕಿ, ಬೈಕಿನ ಹಿಂದೆ ಮಾವನನ್ನು ಕೂರಿಸಿಕೊಂಡು ಹೊರಟೆ.

ಮೊದಲ ದಿನ: ಸರ್ವಿಸ್ ರಸ್ತೆ, ವಡೆ, ಬೆಲ್ಲ

ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟೆವು. ಕತ್ತಲಲ್ಲಿ ಗಮನಿಸಿರಲಿಲ್ಲ. ಕೆಂಗೇರಿಯಲ್ಲಿ ಟೀಗೆ ನಿಂತಾಗ ನೋಡಿದರೆ ಮಾವನ ಮೀಸೆ ಕಡುಕಪ್ಪು. ಕೂದಲೂ ಅಷ್ಟೇ. ಹಿಂದಿನ ವಾರ ಅರ್ಧಕ್ಕರ್ಧ ಬೆಳ್ಳಗಿತ್ತು. ನಾನು ಏನೂ ಕೇಳಲಿಲ್ಲ.

ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ. ಆದರೆ ನಿಜ ಹೇಳಬೇಕೆಂದರೆ ತಿಂಡಿ, ನೆರಳು, ಮಾತು ಎಲ್ಲ ಇರುವುದು ಅಲ್ಲೇ. ಮೇಲಿನ ರಸ್ತೆ ಹಿಡಿದು ಹೋದರೆ ಊರುಗಳು ಪಕ್ಕದಲ್ಲಿದ್ದೂ ಸಿಗುವುದಿಲ್ಲ. ಕಾರಿನಲ್ಲಿ ಹೋಗುವವರೂ ಮದ್ದೂರಿಗೆ ಮುಂಚೆ ಕೆಳಗಿಳಿದು ಊರೊಳಗೆ ಬನ್ನಿ.

ರಾಮನಗರದ ಬೆಟ್ಟಗಳ ತಲೆ ಮೇಲೆ ಮಂಜು ಕೂತಿತ್ತು. ಚನ್ನಪಟ್ಟಣ ದಾಟುವಾಗ ಮಾವ ನನ್ನ ಬೆನ್ನು ತಟ್ಟಿದರು. "ಎಲ್ರೂ ಗೊಂಬೆ ಊರು ಅಂತಾರೆ. ಇದು ಜಟ್ಟಿಗಳ ಊರೂ ಹೌದು ಕಣ್ಲಾ." ವಿಜಯದಶಮಿ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಲ್ಲಿಂದಲೂ ಜಟ್ಟಿಗಳು ಹೋಗುತ್ತಾರೆ. ತಲೆ ಬೋಳಿಸಿ, ಕೈಗೆ ವಜ್ರಮುಷ್ಟಿ ಅನ್ನುವ ಮೊನೆಯಿರುವ ಆಯುಧ ಹಾಕಿಕೊಂಡು ಎದುರುಬದುರು ನಿಲ್ಲುತ್ತಾರೆ. ಮೊದಲ ಹನಿ ರಕ್ತ ಕಂಡರೆ ಅಲ್ಲಿಗೆ ಮುಗಿಯಿತು. ಹಿಂದೆ ಕೂತು ಗಾಳಿಗೆ ಎದುರಾಗಿ ಕೂಗಿ ಕೂಗಿ ಇದನ್ನೆಲ್ಲ ಹೇಳಿದರು. ಇಪ್ಪತ್ತಾರು ವರ್ಷದಲ್ಲಿ ಅವರ ಬಾಯಲ್ಲಿ ಕುಸ್ತಿ ಮಾತು ಕೇಳಿದ್ದು ನನಗೆ ಇದೇ ಮೊದಲು.

ಮದ್ದೂರಿನಲ್ಲಿ ವಡೆ ಹೇಳಿ ಕೂತೆವು. ಅಂಚು ಗರಿಗರಿ, ನಡುವೆ ಈರುಳ್ಳಿ ಇನ್ನೂ ಸ್ವಲ್ಪ ಹಸಿ. ಬಾಣಲೆಯಿಂದ ಇಳಿಸಿದ್ದನ್ನೇ ಕೇಳಿ ಹಾಕಿಸಿಕೊಳ್ಳಿ, ಆರಿದರೆ ಆ ರುಚಿ ಇಲ್ಲ. ಎರಡನೇ ವಡೆಗೆ ನಾನು ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್ ಕಥೆ ಶುರು ಮಾಡಿದೆ.

2025ರ ಮಾರ್ಚ್ 21ರಂದು ಫೋರ್‌ಮನ್ ತೀರಿಕೊಂಡಾಗ ನಾನು ಮಾವನಿಗೆ ಒಂದು ವಿಡಿಯೊ ಕಳಿಸಿದ್ದೆ. ಆದರೆ ಅದರ ಹಿಂದಿನ ಕಥೆ ಅವರಿಗೆ ಗೊತ್ತಿರಲಿಲ್ಲ. 1973ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿ ಹೆವಿವೇಟ್ ಚಾಂಪಿಯನ್ ಆದವನು ಫೋರ್‌ಮನ್. ಆಗ ಅವನು ನಗುತ್ತಿರಲಿಲ್ಲ, ಮಾತೂ ಕಮ್ಮಿ. ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ. 1974ರಲ್ಲಿ ಮಹಮ್ಮದ್ ಅಲಿ ಜೊತೆ ಹೊಡೆದಾಡಲು ಆಫ್ರಿಕಾದ ಕಿನ್ಶಾಸಾಗೆ ಹೋದಾಗ ಜರ್ಮನ್ ಶೆಪರ್ಡ್ ನಾಯಿ ಹಿಡಿದುಕೊಂಡು ವಿಮಾನ ಇಳಿದ. ಅಲ್ಲಿನ ಜನಕ್ಕೆ ಆ ನಾಯಿ ನೋಡಿದರೆ ಬೆಲ್ಜಿಯಂ ಆಳ್ವಿಕೆಯ ಪೊಲೀಸರ ನೆನಪು. ಊರಿಗೆ ಊರೇ ಅಲಿ ಪರ ಕೂಗಿತು. ಎಂಟನೇ ಸುತ್ತಿನಲ್ಲಿ ಫೋರ್‌ಮನ್ ಬಿದ್ದ. 1977ರಲ್ಲಿ ಜಿಮ್ಮಿ ಯಂಗ್ ಕೈಯಲ್ಲಿ ಸೋತ ರಾತ್ರಿ ಡ್ರೆಸ್ಸಿಂಗ್ ರೂಮಿನಲ್ಲಿ ಅವನಿಗೆ ದೇವರ ಅನುಭವ ಆಯಿತಂತೆ. ಬಾಕ್ಸಿಂಗ್ ಬಿಟ್ಟ. ಹೂಸ್ಟನ್‌ನಲ್ಲಿ ಪಾದ್ರಿಯಾದ. ಹುಡುಗರಿಗಾಗಿ ಒಂದು ಕೇಂದ್ರ ಕಟ್ಟಿದ.

"ಎಷ್ಟು ವರ್ಷ ಬುಟ್ಟಿದ್ದ?" ಮಾವ ಕೇಳಿದರು.

"ಹತ್ತು."

ಅವರು ಚಟ್ನಿ ಬಟ್ಟಲು ಆ ಕಡೆ ಸರಿಸಿ, ಮುಂದಕ್ಕೆ ಹೇಳು ಅಂತ ಕಣ್ಣಲ್ಲೇ ಅಂದರು.

1987ರಲ್ಲಿ ಆ ಹುಡುಗರ ಕೇಂದ್ರಕ್ಕೆ ದುಡ್ಡು ಬೇಕು ಅಂತ ವಾಪಸ್ ಬಂದ. ತೂಕ ಸುಮಾರು 121 ಕೆಜಿ, ಬೋಳು ತಲೆ, ಹೊಟ್ಟೆ. ಪತ್ರಿಕೆಯವರು ಆಡಿಕೊಂಡರು. ಅವನು ಅವರಿಗಿಂತ ಮೊದಲೇ ತನ್ನ ಹೊಟ್ಟೆ ಬಗ್ಗೆ, ತಾನು ತಿನ್ನುವ ಚೀಸ್‌ಬರ್ಗರ್ ಬಗ್ಗೆ ಹೇಳಿಕೊಂಡು ನಕ್ಕ. ಐದು ಗಂಡುಮಕ್ಕಳಿಗೂ ಜಾರ್ಜ್ ಅಂತಲೇ ಹೆಸರಿಟ್ಟಿದ್ದ. ಜನ ನೋಡಿದ್ದು ಬೇರೆಯೇ ಮನುಷ್ಯನನ್ನು. ಹಿಂದೆ ಯಾರೂ ಹತ್ತಿರ ಹೋಗಲು ಹೆದರುತ್ತಿದ್ದವನು ಮನೆಯ ದೊಡ್ಡಪ್ಪನ ಥರ ಆಗಿಬಿಟ್ಟ. ಅಡುಗೆ ಗ್ರಿಲ್‌ಗೆ ಅವನ ಹೆಸರು ಹಾಕಿ ಮಾರಿದರೆ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು.

ಇದನ್ನು ಬರೀ ಮಾರ್ಕೆಟಿಂಗ್ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಕ್ಯಾಮೆರಾ ಇಲ್ಲದ ಹತ್ತು ವರ್ಷ ಅವನು ಜನರ ನಡುವೆಯೇ ಬದುಕಿದ್ದ. ಆ ನಗು ಅಲ್ಲಿಂದ ಬಂದದ್ದು.

ಗೆಜ್ಜಲಗೆರೆ ಹತ್ತಿರ ಕ್ಲಚ್ ಕೇಬಲ್ ಕಿತ್ತುಹೋಯಿತು. ಅರ್ಧ ಕಿಲೋಮೀಟರ್ ತಳ್ಳಿದೆವು. ತಳ್ಳಿದೆವು ಅಂದರೆ, ಮಾವ ತಳ್ಳಿದರು. ನಾನು ಹ್ಯಾಂಡಲ್ ಹಿಡಿದಿದ್ದೆ ಅಷ್ಟೇ. ಮೆಕ್ಯಾನಿಕ್ ಹುಡುಗ ಕೇಬಲ್ ಹಾಕುತ್ತಾ ನಮ್ಮ ಮಾತು ಕೇಳಿಸಿಕೊಂಡು, "ಟೈಸನ್ನಾ ಅಣ್ಣ? ಕಿವಿ ಕಚ್ಚಿದೋನಲ್ವಾ?" ಅಂದ. ಬಾಕ್ಸರ್ ಮೈಕ್ ಟೈಸನ್ ಎದುರಾಳಿಯ ಕಿವಿ ಕಚ್ಚಿದ್ದು 1997ರ ಜೂನ್‌ನಲ್ಲಿ. ಈ ಹುಡುಗ ಆಗ ಹುಟ್ಟಿಯೇ ಇರಲಿಲ್ಲ. ಒಂದು ಕೆಟ್ಟ ಗಳಿಗೆ ಎಷ್ಟು ದೂರ ಬರುತ್ತದೆ ನೋಡಿ.

ಟೈಸನ್ ಈಗ ಪಾರಿವಾಳ ಸಾಕುತ್ತಾನೆ, ಪಾಡ್‌ಕಾಸ್ಟ್‌ನಲ್ಲಿ ಕೂತು ತನ್ನ ಭಯ, ಅಳು ಎಲ್ಲ ಮಾತಾಡುತ್ತಾನೆ. 2024ರ ನವೆಂಬರ್‌ನಲ್ಲಿ 58ನೇ ವಯಸ್ಸಿಗೆ ಯೂಟ್ಯೂಬ್ ಬಿಟ್ಟು ಬಾಕ್ಸಿಂಗ್ ಹಿಡಿದ 27ರ ಜೇಕ್ ಪಾಲ್ ಎದುರು ರಿಂಗಿಗೆ ಇಳಿದ. ಆದರೆ ಟಿಕೆಟ್ ಮಾರಬೇಕಾದಾಗ ಹಳೇ ಮುಖವೇ ಬೇಕಾಯಿತು. ತೂಕ ನೋಡುವ ದಿನ ವೇದಿಕೆ ಮೇಲೇ ಪಾಲ್ ಕೆನ್ನೆಗೆ ಬಾರಿಸಿದ. ಮಾರನೇ ದಿನ ಎರಡೆರಡು ನಿಮಿಷದ ಎಂಟು ಸುತ್ತು ನಡೆದವು. ಮೊದಲೆರಡು ಬಿಟ್ಟರೆ ಅವನ ಕಾಲು ಏಳಲಿಲ್ಲ. ಸೋತ. ನೋಡುತ್ತಾ ನನಗೆ ಸಂಕಟ ಆಯಿತು. ಹಾಗಂತ ಅವನನ್ನು ಎಲ್ಲರ ಮುದ್ದಿನ ತಾತ ಮಾಡಿಬಿಡುವುದೂ ನನಗೆ ಆಗದು. 1992ರಲ್ಲಿ ಅತ್ಯಾಚಾರಕ್ಕೆ ಶಿಕ್ಷೆ ಆಗಿದೆ. ಯಾವ ಹೊಸ ಮುಖವೂ ಆ ಹೆಣ್ಣುಮಗಳ ನೋವು ಅಳಿಸುವುದಿಲ್ಲ.

ಮಧ್ಯಾಹ್ನ ಊರು ಸೇರಿದಾಗ ಮಳೆ ಹಿಡಿದಿತ್ತು. ಅತ್ತೆ ಮುದ್ದೆ, ನಾಟಿ ಕೋಳಿ ಸಾರು ಮಾಡಿದ್ದರು. ಸಂಜೆ ಮಳೆ ನಿಂತ ಮೇಲೆ ಆಲೆಮನೆಗೆ ನಡೆದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕ ಬರುವ ಹೊತ್ತು. ಗಾಳಿಗೆಲ್ಲ ಸಿಹಿ ಹತ್ತಿತ್ತು. ಬೆಲ್ಲ ಕೊಳ್ಳುವುದಾದರೆ ಕಂದು ಬಣ್ಣದ್ದೇ ಕೇಳಿ. ಹಳದಿ ಹೊಳಪು ಬರಿಸಲು ಕೆಮಿಕಲ್ ಹಾಕುತ್ತಾರೆ ಅಂತ ಬೆಲ್ಲ ಕಾಯಿಸುವವರೇ ಹೇಳಿದರು.

ಅಲ್ಲಿಗೆ ಹಬ್ಬದ ಕಮಿಟಿಯ ಯಜಮಾನರು ಬಂದರು. ಕೈಯಲ್ಲಿ ಮೊಬೈಲ್. ಅದರಲ್ಲಿ ಮಾವನ 1996ರ ಫೋಟೊ. ಹೆಗಲ ಮೇಲೆ ಗದೆ, ಕಲ್ಲಿನಂಥ ಎದೆ. "ಇದನ್ನೇ ಫ್ಲೆಕ್ಸಿಗೆ ಹಾಕಿಸ್ತೀವಿ. ಮತ್ತೆ ಬಂದ ಮಂಡ್ಯದ ಹುಲಿ ಅಂತ. ಏನಂತೀಯ?" ಮಾವ ಫೋಟೊವನ್ನು ತುಂಬ ಹೊತ್ತು ನೋಡಿದರು. ನಾಡಿದ್ದು ಹೇಳ್ತೀನಿ ಅಂದರು.

ಮನೆಗೆ ಬರುವಾಗ ನಾನು ಹಳೇ ಹೆವಿವೇಟ್ ಚಾಂಪಿಯನ್ ಜಿಮ್ ಜೆಫ್ರೀಸ್ ವಿಷಯ ಹೇಳಿದೆ. ಸೋಲೇ ಕಾಣದೆ ನಿವೃತ್ತನಾಗಿ ಕ್ಯಾಲಿಫೋರ್ನಿಯಾದಲ್ಲಿ ದನದ ಮೇವು ಬೆಳೆದುಕೊಂಡು ಆರಾಮಾಗಿದ್ದ ರೈತ. ಕರಿಯ ಚಾಂಪಿಯನ್ ಜಾಕ್ ಜಾನ್ಸನ್‌ನನ್ನು ಸೋಲಿಸಲು ಬಿಳಿಯರಿಗೆ ಒಬ್ಬ ಬೇಕಾಗಿತ್ತು. ಪತ್ರಿಕೆಗಳು ಇವನನ್ನು ಬಿಳಿಯರ ಮಾನ ಕಾಯುವ ವೀರ ಮಾಡಿದವು. ಅವನು ಸುಮಾರು 45 ಕೆಜಿ ಇಳಿಸಿ 1910ರ ಜುಲೈ 4ರಂದು ರೀನೊ ಊರಲ್ಲಿ ರಿಂಗ್ ಹತ್ತಿದ. ಹದಿನೈದನೇ ಸುತ್ತಿಗೆ ಮುಗಿದುಹೋದ. ಆ ರಾತ್ರಿ ಅಮೆರಿಕದ ಊರೂರಲ್ಲಿ ಗಲಭೆ ಎದ್ದು ಜನ ಸತ್ತರು.

"ಊರೋರು ಹಾಕಿದ ವೇಷ ಅದು" ಅಂದರು ಮಾವ. ಆಮೇಲೆ ಮನೆ ಬರುವವರೆಗೂ ಮಾತಿಲ್ಲ.

ಎರಡನೇ ದಿನ: ಆನೆ, ಗರಡಿ

ಬೆಳಕು ಹರಿಯುವ ಮುಂಚೆ ಹೊರಡೋಣ ಅಂತ ನಾನಂದರೆ ಮಾವ ಬಿಡಲಿಲ್ಲ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಏರಿ ಮೇಲೆ ಕತ್ತಲಲ್ಲಿ ಬೈಕ್ ಬೇಡ ಅಂದರು. 2018ರಲ್ಲಿ ಇದೇ ಪಾಂಡವಪುರದ ಕಡೆ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ನೀವೂ ಈ ಕಡೆ ಬಂದರೆ ಬೆಳಕಿರುವಾಗಲೇ ಓಡಾಡಿ.

ಶ್ರೀರಂಗಪಟ್ಟಣದಲ್ಲಿ ರಂಗನಾಥನಿಗೆ ಹೊರಗಿಂದಲೇ ಕೈ ಮುಗಿದೆವು. ಸೇತುವೆ ಮೇಲೆ ನಿಂತರೆ ಕಾವೇರಿ ಕೆಂಪಗೆ, ತುಂಬಿ ಹರಿಯುತ್ತಿತ್ತು. ಏಳೂವರೆಗೆ ಮೈಸೂರು. ಸಯ್ಯಾಜಿರಾವ್ ರಸ್ತೆಯಲ್ಲಿ ಗಾಡಿಗಳೆಲ್ಲ ನಿಂತಿದ್ದವು. ದಸರಾ ಆನೆಗಳ ತಾಲೀಮು. ಅರಮನೆಯಿಂದ ಬನ್ನಿಮಂಟಪಕ್ಕೆ ಸಾಲಾಗಿ ಹೋಗುತ್ತಿದ್ದವು. ಮುಂದೆ ಅಭಿಮನ್ಯು. 2020ರಿಂದ ಅಂಬಾರಿ ಅವನದೇ ಆಗಿತ್ತು. ದಸರಾ ನೂಕುನುಗ್ಗಲು ಆಗದವರು ಈ ದಿನಗಳಲ್ಲಿ ಬನ್ನಿ. ಫುಟ್‌ಪಾತ್‌ನಲ್ಲಿ ನಿಂತರೆ ಆನೆಯ ಉಸಿರು ಕೇಳುವಷ್ಟು ಹತ್ತಿರದಲ್ಲಿ ನೋಡಬಹುದು.

ಮಾರ್ಕೆಟ್ ಕಡೆಯ ಹೂವಿನಮ್ಮ ಒಬ್ಬರು ಬುಟ್ಟಿ ಇಳಿಸಿ ನಮ್ಮ ಪಕ್ಕ ನಿಂತಿದ್ದರು. ಆನೆಗಳಿಗೆ ಕೈ ಮುಗಿದು, "ಅರ್ಜುನ ಇದ್ದಿದ್ರೆ ಇನ್ನೂ ಚೆಂದ ಕಣಪ್ಪ" ಅಂದರು. ಕಣ್ಣು ಒದ್ದೆ ಆಗಿತ್ತು.

ಅರ್ಜುನನ ಕಥೆ ಮೈಸೂರಿನವರಿಗೆ ಹೇಳಬೇಕಿಲ್ಲ. ತೊಂಬತ್ತರ ದಶಕದಲ್ಲಿ ಒಬ್ಬ ಮಾವುತನ ಸಾವಿಗೆ ಕಾರಣನಾದ ಅಂತ ಪುಂಡ ಆನೆ ಎಂಬ ಹೆಸರು ಬಂತು. ದಸರಾದಿಂದ ದೂರ ಇಟ್ಟರು. ಆಮೇಲೆ ಅದೇ ಅರ್ಜುನ 2012ರಿಂದ 2019ರವರೆಗೆ ಎಂಟು ಸಲ 750 ಕೆಜಿಯ ಚಿನ್ನದ ಅಂಬಾರಿ ಹೊತ್ತ. ಅಷ್ಟು ಜನರ ನಡುವೆ ಒಂದು ಸಲವೂ ಹೆಜ್ಜೆ ತಪ್ಪಲಿಲ್ಲ. ಪುಂಡ ಅಂದ ಊರೇ ಅವನಿಗೆ ಕೈ ಮುಗಿಯಿತು. ಅರವತ್ತು ದಾಟಿದ ಮೇಲೆ ಅಂಬಾರಿ ಇಳಿಸಿದರು. ಆದರೆ ಕಾಡಾನೆ ಹಿಡಿಯುವ ಕೆಲಸಕ್ಕೆ ಮತ್ತೆ ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಾಡಿನಲ್ಲಿ ಕಾಡಾನೆ ಜೊತೆ ಕಾದಾಡುತ್ತಾ ಸತ್ತ.

"ವಯಸ್ಸಾದೋನ್ನ ಯಾಕ್ ಕರ್ಕೊಂಡು ಹೋಗ್ಬೇಕಿತ್ತು?" ಆ ಅಮ್ಮ ನಮ್ಮನ್ನೇ ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಮಾವ ಒಂದು ಮೊಳ ಮಲ್ಲಿಗೆ ಕೊಂಡರು.

ನಜರ್‌ಬಾದ್‌ನಲ್ಲಿ ಬೆಣ್ಣೆ ಹಾಕಿದ ಮೆತ್ತನೆ ದೋಸೆ ತಿಂದು, ಸಂಜೆವರೆಗೆ ಸುಮ್ನೆ ಸುತ್ತಿದೆವು. ಮಾವ ಗರಡಿ ಬೀದಿಯ ತುದಿವರೆಗೆ ಎರಡು ಸಲ ಬಂದು ತಿರುಗಿದರು. ಮೂರನೇ ಸಲ ಒಳಗೆ ಹೋದರು.

ತಗ್ಗು ಬಾಗಿಲು. ತಲೆ ಬಗ್ಗಿಸದೆ ಒಳಗೆ ಹೋಗುವ ಹಾಗಿಲ್ಲ. ಎದುರಿಗೆ ಹನುಮಂತನ ಪಟ. ಮೂಲೆಯಲ್ಲಿ ಕಲ್ಲುಗುಂಡು, ಗೋಡೆಗೆ ಒರಗಿಸಿದ ಕರಲಾಕಟ್ಟೆ, ಕಸರತ್ತಿಗೆ ತಿರುಗಿಸುವ ಮರದ ದಿಮ್ಮಿ. ನಡುವೆ ಮಟ್ಟಿ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರ ಹಾಕಿ ಹದ ಮಾಡಿದ್ದು. ಒಬ್ಬ ಹುಡುಗ ಸನಿಕೆ ಹಿಡಿದು ಅಗೆದು ಮೆದು ಮಾಡುತ್ತಿದ್ದ. ಮಳೆಯ ತೇವಕ್ಕೆ ಆ ವಾಸನೆ ಇನ್ನೂ ಗಾಢವಾಗಿತ್ತು. ಮಾವ ಚಪ್ಪಲಿ ಬಿಟ್ಟು, ಬಗ್ಗಿ, ಒಂದು ಹಿಡಿ ಮಣ್ಣು ತೆಗೆದುಕೊಂಡರು. ಬೆರಳಲ್ಲಿ ಪುಡಿ ಮಾಡಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಹಣೆಗೆ ಹಚ್ಚಿಕೊಂಡರು.

ಉಸ್ತಾದರಿಗೆ ಎಪ್ಪತ್ತು ದಾಟಿದೆ. ಮಾವನನ್ನು ನೋಡಿ ಎದ್ದು ಬಂದರು. ಮಾವ ಕಾಲಿಗೆ ಬಿದ್ದಾಗ ಹೆಗಲು ಹಿಡಿದು ಎತ್ತಿ, ಹೆಬ್ಬೆರಳಿನಲ್ಲಿ ಅವರ ಮೀಸೆ ತೀಡಿದರು. ಬೆರಳಿಗೆ ಸ್ವಲ್ಪ ಕಪ್ಪು ಬಂತು. "ಬಂದ್ಯಲ್ಲ ಮಗನೆ, ಅಷ್ಟು ಸಾಕು. ಇದೆಲ್ಲ ಯಾಕೆ?" ಅಂದರು. ಮೆತ್ತಗೆ, ಬೇರೆಯವರಿಗೆ ಕೇಳದ ಹಾಗೆ.

ನಾನು ಬಾಕ್ಸಿಂಗ್ ಅಭಿಮಾನಿ ಅಂತ ಗೊತ್ತಾದ ಮೇಲೆ ಉಸ್ತಾದರು ನನ್ನನ್ನೂ ಹತ್ತಿರ ಕೂರಿಸಿಕೊಂಡರು. 1980ರಲ್ಲಿ ಅಲಿ ಮದ್ರಾಸಿಗೆ ಬಂದು ಪ್ರದರ್ಶನ ಪಂದ್ಯ ಆಡಿದಾಗ ಹೋಗಲು ಬಸ್ಸಿನ ದುಡ್ಡಿರಲಿಲ್ಲವಂತೆ. ಆ ಕೊರಗು ಇನ್ನೂ ಇದೆ.

ರಾತ್ರಿ ಲಾಡ್ಜಿನಲ್ಲಿ ಮಳೆ ಶಬ್ದ. ದೀಪ ಆರಿಸಿದ ಮೇಲೆ ಮಾವ ಕೇಳಿದರು, "ಅಲೀನೂ ವಾಪಸ್ ಬಂದಿದ್ನಾ?"

ಬಂದಿದ್ದ. ಅದೇ 1980ರ ಅಕ್ಟೋಬರ್ 2, ಲಾಸ್ ವೆಗಾಸ್. ಅಲಿಗೆ 38. ತೂಕ ಇಳಿಸಿದ್ದ, ನರೆತ ಕೂದಲಿಗೆ ಕಪ್ಪು ಹಚ್ಚಿದ್ದ. ನೋಡಿದವರು ಹಳೇ ಅಲಿಯೇ ಬಂದ ಅಂದರು. ಒಳಗೆ ಶಕ್ತಿ ಇರಲಿಲ್ಲ. ಥೈರಾಯ್ಡ್ ಮಾತ್ರೆ ಮೈ ಹಿಂಡಿತ್ತು. ಎದುರಿಗಿದ್ದ ಲ್ಯಾರಿ ಹೋಮ್ಸ್, ಹಿಂದೆ ಅಲಿಗೆ ಅಭ್ಯಾಸಕ್ಕೆ ಜೊತೆಗಾರನಾಗಿದ್ದವನು. ಹೊಡೆಯಲು ಅವನಿಗೇ ಕೈ ಬರುತ್ತಿರಲಿಲ್ಲ. ಹತ್ತು ಸುತ್ತಾದ ಮೇಲೆ ಅಲಿಯ ಗುರು ಏಂಜೆಲೊ ಡಂಡೀ ನಿಲ್ಲಿಸಿಬಿಟ್ಟರು. ಗೆದ್ದ ಹೋಮ್ಸ್ ಅತ್ತ.

"ಆಮೇಲೆ?"

1984ರಲ್ಲಿ ಪಾರ್ಕಿನ್ಸನ್ ಅಂತ ಗೊತ್ತಾಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಹಚ್ಚಲು ಬಂದಾಗ ಕೈ ನಡುಗುತ್ತಿತ್ತು. ಮುಚ್ಚಿಡಲಿಲ್ಲ. ಜಗತ್ತೆಲ್ಲ ನೋಡುತ್ತಿರುವಾಗ ನಡುಗುವ ಕೈಯಲ್ಲೇ ಹಚ್ಚಿದ. ನನ್ನ ಪ್ರಕಾರ ಅಲಿ ನಿಜವಾಗಿ ವಾಪಸ್ ಬಂದದ್ದು ಆ ರಾತ್ರಿ.

ಮಾವ ಮಗ್ಗುಲು ಬದಲಿಸಿದ್ದು ಕೇಳಿಸಿತು. ಉತ್ತರ ಬರಲಿಲ್ಲ.

ಮೂರನೇ ದಿನ: ಮಟ್ಟಿ, ಮಂಡ್ಯ

ಐದಕ್ಕೆ ಎದ್ದು ನೋಡಿದರೆ ಮಾವ ಕನ್ನಡಿ ಮುಂದೆ. ಮೀಸೆ ಇರಲಿಲ್ಲ. ಮೇಲ್ದುಟಿ ಮೇಲೆ ಬೆಳ್ಳನೆ ಗೆರೆ. ಬಿಸಿಲು ಕಾಣದ ಚರ್ಮ ಅದು.

ಗರಡಿಯಲ್ಲಿ ಲಂಗೋಟಿ ಕಟ್ಟಿದರು. ಹೊಟ್ಟೆ ಇದೆ. ಸ್ಟೇರಿಂಗ್ ಹಿಡಿದು ಬಲ ಹೆಗಲು ಸ್ವಲ್ಪ ಇಳಿದಿದೆ. ಮೊದಲು ಹನುಮಂತನಿಗೆ ನಮಸ್ಕಾರ, ಆಮೇಲೆ ಮಟ್ಟಿಗೆ. ಇಪ್ಪತ್ತು ಬಸ್ಕಿಗೇ ಏದುಸಿರು ಬಂತು. ಉಸ್ತಾದರು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನನ್ನು ಎದುರಿಗೆ ಬಿಟ್ಟರು. ಹುಡುಗ ಎರಡು ಸಲ ಕೆಡವಿದ. ಮೂರನೇ ಸಲ ಮಾವ ಕೆಳಗೆ ಜಾರಿ, ಅವನ ಕಾಲು ಸೇರಿಸಿ ಹಿಡಿದು, ಸೊಂಟ ತಿರುಗಿಸಿದರು. ಹುಡುಗ ಬೆನ್ನ ಮೇಲೆ ಬಿದ್ದ. ಎದ್ದು, "ಇನ್ನೊಂದ್ಸಲ ತೋರ್ಸಿ ಅಣ್ಣ" ಅಂತ ಕೇಳಿದ. ಮಾವ ಎದೆ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು. ಮೈಯೆಲ್ಲ ಕೆಮ್ಮಣ್ಣು, ಎದೆಯ ಬಿಳಿ ಕೂದಲಿಗೂ ಮೆತ್ತಿಕೊಂಡಿತ್ತು. ನಾನು ಮೊಬೈಲ್ ತೆಗೆದು ಒಂದು ಫೋಟೊ ತೆಗೆದೆ.

ವಾಪಸ್ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ನಿಧಾನಕ್ಕೆ ಸಾಗಿದೆವು. ಆಗ ಫೋರ್‌ಮನ್ ಕಥೆಯ ಉಳಿದ ಭಾಗ ಹೇಳಿದೆ. 1991ರಲ್ಲಿ ಆಗಿನ ಚಾಂಪಿಯನ್ ಹೋಲಿಫೀಲ್ಡ್ ಎದುರು ಸೋತರೂ ಹನ್ನೆರಡು ಸುತ್ತು ನಿಂತ. 1994ರ ನವೆಂಬರ್ 5ರಂದು, 45ನೇ ವಯಸ್ಸಿಗೆ, 26 ವರ್ಷದ ಚಾಂಪಿಯನ್ ಮೈಕಲ್ ಮೂರರ್ ಮುಂದೆ ಬಂದ. ಹಾಕಿಕೊಂಡಿದ್ದು ಇಪ್ಪತ್ತು ವರ್ಷದ ಹಿಂದೆ ಕಿನ್ಶಾಸಾದಲ್ಲಿ ಸೋತಾಗ ಹಾಕಿದ್ದ ಅದೇ ಕೆಂಪು ಚಡ್ಡಿ. ಈ ಸಲ ಅವನ ಮೂಲೆಯಲ್ಲಿ ನಿಂತಿದ್ದು ಅಂದು ಅಲಿ ಪರ ಇದ್ದ ಅದೇ ಡಂಡೀ. ಒಂಬತ್ತು ಸುತ್ತು ಪೆಟ್ಟು ತಿಂದ. ಹತ್ತರಲ್ಲಿ ಬಲಗೈ ನೇರ ಹೋಯಿತು. ಮೂರರ್ ಮಲಗಿದ. ಫೋರ್‌ಮನ್ ಮೂಲೆಗೆ ಹೋಗಿ ಮಂಡಿಯೂರಿದ.

"ಸೋತ ಚಡ್ಡೀನೇ ಹಾಕ್ಕೊಂಡ್ನಾ?"

"ಹೂಂ ಮಾವ, ಅದನ್ನೇ."

ಮಾವ ಸ್ವಲ್ಪ ಹೊತ್ತು ಬಿಟ್ಟು, "ಮಂಡ್ಯದಲ್ಲಿ ಫ್ಲೆಕ್ಸ್ ಅಂಗಡಿ ಹತ್ರ ನಿಲ್ಸು" ಅಂದರು.

ಕಮಿಟಿ ಯಜಮಾನರು ಅಲ್ಲಿಗೇ ಬಂದರು. ಹಳೇ ಫೋಟೊ ಕಂಪ್ಯೂಟರಿನಲ್ಲಿ ಆಗಲೇ ರೆಡಿ ಇತ್ತು, ಹಿಂದೆ ಹುಲಿ, ಸುತ್ತ ಬೆಂಕಿ. ಮಾವ ನನ್ನ ಮೊಬೈಲ್ ತೆಗೆದುಕೊಂಡು ಬೆಳಗಿನ ಫೋಟೊ ತೋರಿಸಿದರು. "ಇದನ್ನ ಹಾಕು."

ಯಜಮಾನರಿಗೆ ಮನಸ್ಸಿಲ್ಲ. "ಜನ ಹುಲಿ ನೋಡಕ್ಕೆ ಬತ್ತಾರೆ ಕಣಯ್ಯ."

"ಬರೋರು ನನ್ನ ನೋಡ್ಲಿ. ನಮ್ಮ ಜೋಡೀಗೂ ಐವತ್ತು ದಾಟೈತೆ. ಅವ್ನ ಈಗಿನ ಫೋಟೊನೂ ತರ್ಸಿ."

ಹುಡುಗ ಫೋಟೊ ಹಾಕಿಕೊಂಡು, ಅಭ್ಯಾಸಬಲಕ್ಕೆ ಮುಖದ ಸುಕ್ಕು ಅಳಿಸಲು ಶುರು ಮಾಡಿದ. ಮಾವ ಪರದೆ ಹತ್ತಿರ ಬಗ್ಗಿ, "ಬುಡಪ್ಪ, ಹಂಗೇ ಇರ್ಲಿ" ಅಂದರು. ಹೆಸರಿನ ಕೆಳಗೆ ಏನು ಹಾಕಲಿ ಅಂತ ಹುಡುಗ ಕೇಳಿದ. ಮಾವ ಯೋಚನೆ ಮಾಡಿ ಒಂದೊಂದೇ ಪದ ಹೇಳಿದರು: ವಯಸ್ಸು 53, ಲಾರಿ ಡ್ರೈವರ್, ಮೈಸೂರು ಗರಡಿ.

ಪ್ರಿಂಟ್ ಆಗಿ ಬರಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೋಡ ಕಟ್ಟಿತ್ತು. ಫ್ಲೆಕ್ಸ್ ಸುರುಳಿ ಸುತ್ತಿ ಬೈಕಿಗೆ ಕಟ್ಟುವಾಗ ದಪ್ಪ ಹನಿ ಬೀಳಲು ಶುರುವಾಯಿತು. ಇದ್ದದ್ದು ಒಂದೇ ರೇನ್‌ಕೋಟ್. ಮಾವ ಅದನ್ನು ಬಿಚ್ಚಿ ಸುರುಳಿಗೆ ಹೊದಿಸಿ, ಎರಡು ಸುತ್ತು ಹಗ್ಗ ಬಿಗಿದು, ನೆನೆಯುತ್ತಲೇ ಹಿಂದೆ ಹತ್ತಿ ಕೂತರು.